ಗಳ ಕಳೆದುಕೊಂಡ ಅಂಬಿಗ

ಹುಬ್ಬಳ್ಳಿಯಿಂದ ಪಡುವಣಕ್ಕೆ ಹೊರಟ ಬಸ್ಸು ಕಲಘಟಗಿಯನ್ನು ದಾಟಿ ಮುಂದೆ ಸಾಗಿದಂತೆ ಬಯಲುಸೀಮೆಯ ಹೊಲಗಳು ಮೆಲ್ಲಮೆಲ್ಲನೆ ಹಿಂದೆ ಸರಿಯುತ್ತವೆ. ತೇಗ, ಮತ್ತಿ, ಬಿದಿರುಗಳು ದಾರಿಯ ಎರಡು ಮಗ್ಗುಲಿಗೂ ಬಂದು ನಿಲ್ಲುತ್ತವೆ. ಅಲ್ಲಿ ಎದುರಾಗುವ ಊರೇ ಕಿರವತ್ತಿ. ಧಾರವಾಡದ ಸೀಮೆ ಮುಗಿದು ಯಲ್ಲಾಪುರದ ಕಾಡು ಮೊದಲಾಗುವ ಹೊಸ್ತಿಲು ಅದು. ಅರಣ್ಯ ಇಲಾಖೆಯ ಕಟ್ಟಿಗೆಯ ಕೋಠಿಯಲ್ಲಿ ಸಾಲುಸಾಲಾಗಿ ಒರಗಿದ ದಿಮ್ಮಿಗಳನ್ನು ನೋಡಿ, ಒಂದು ಲೋಟ ಚಹವನ್ನು ಕುಡಿದು, ಇಂದಿನ ಪ್ರಯಾಣಿಕನು ನಿಶ್ಚಿಂತೆಯಿಂದ ಅಂಕೋಲೆಯ ದಾರಿ ಹಿಡಿಯುತ್ತಾನೆ.

ಆದರೆ ಅವನ ಅಜ್ಜನಿಗೆ ಈ ನಿಶ್ಚಿಂತೆ ಇರಲಿಲ್ಲ. ಘಟ್ಟದ ಮೇಲಿನ ಈ ಸೀಮೆಯ ಹೆಸರನ್ನೆತ್ತಿದರೆ ಆ ಕಾಲದವರ ನೆನಪಿಗೆ ಬರುತ್ತಿದ್ದುದು ತೇಗವಲ್ಲ, ಅಡಿಕೆಯಲ್ಲ, ಚಳಿಜ್ವರ. ಒಂದು ದಿನ ಬಿಟ್ಟು ಒಂದು ದಿನ, ಸಾಲಗಾರನಂತೆ ಹೊತ್ತು ತಪ್ಪದೆ ಬರುವ ನಡುಕ. ಹೊದಿಸಿದ ಕಂಬಳಿಯ ಮೇಲೆ ಮತ್ತೊಂದು ಕಂಬಳಿ. ಆಮೇಲೆ ಬೆಂಕಿಯಂಥ ತಾಪ. ಕೊನೆಗೆ ಮೈಯೆಲ್ಲ ಬೆವರು. ಜ್ವರ ಬಿಟ್ಟುಹೋದರೂ ಗುಲ್ಮ ಬೆಳೆದು ಮಕ್ಕಳ ಹೊಟ್ಟೆ ಉಬ್ಬುತ್ತಿತ್ತು, ಕೈಕಾಲು ಕಡ್ಡಿಯಾಗುತ್ತಿತ್ತು. ಅಂದಿನ ಅಂಚೆಕಚೇರಿಗಳಲ್ಲಿ ಕಾಗದಗಳ ಜೊತೆಗೆ ಕ್ವಿನೈನಿನ ಪೊಟ್ಟಣಗಳೂ ಮಾರಾಟಕ್ಕೆ ಇರುತ್ತಿದ್ದುವೆಂದರೆ ರೋಗದ ಹರಹು ಎಷ್ಟೆಂಬುದನ್ನು ಊಹಿಸಬಹುದು.

೧೯೦೧ರ ಜನಗಣತಿಯಂತೆ ಉತ್ತರ ಕನ್ನಡ ಜಿಲ್ಲೆಯಲ್ಲಿ ೪ ಲಕ್ಷ ೫೪ ಸಾವಿರದಷ್ಟು ಜನರಿದ್ದರು. ಇಪ್ಪತ್ತು ವರ್ಷಗಳ ತರುವಾಯ, ೧೯೨೧ರಲ್ಲಿ, ಆ ಸಂಖ್ಯೆ ಏರುವುದಕ್ಕೆ ಬದಲಾಗಿ ೪ ಲಕ್ಷದ ಆಸುಪಾಸಿಗೆ ಇಳಿದಿತ್ತು. ಈ ನಷ್ಟದಲ್ಲಿ ಪ್ಲೇಗೂ ೧೯೧೮ರ ಇನ್‌ಫ್ಲುಯೆಂಜವೂ ತಮ್ಮ ಪಾಲನ್ನು ಪಡೆದುವು, ನಿಜ. ಆದರೆ ಅವು ಬಂದುಹೋದ ದರೋಡೆಕೋರರು. ವರ್ಷವರ್ಷವೂ ತಪ್ಪದೆ ಕಪ್ಪವನ್ನು ಒಯ್ಯುತ್ತಿದ್ದ ಅರಸು ಮಲೇರಿಯವೇ. ಘಟ್ಟದ ಮೇಲಿನ ತಾಲ್ಲೂಕುಗಳಲ್ಲಿ ಹೊಲಗಳು ಪಾಳುಬಿದ್ದುವು. ಒಕ್ಕಲು ಅಳಿದ ಮನೆಗಳಲ್ಲಿ ದೀಪ ಹಚ್ಚುವವರಿಲ್ಲದೆ ಹೋದರು.

ಈ ಕಪ್ಪವನ್ನು ವಸೂಲುಮಾಡುತ್ತಿದ್ದ ದೂತಿಯೂ ಸಾಮಾನ್ಯಳಲ್ಲ. ಮಲೇರಿಯದ ಸೊಳ್ಳೆಯೆಂದರೆ ಕೊಳೆತ ಗಟಾರದಲ್ಲಿ ಹುಟ್ಟುವುದೆಂದು ಪಟ್ಟಣಿಗರ ತಿಳಿವಳಿಕೆ. ಮಲೆನಾಡಿನ ಅನಾಫಿಲಿಸ್ ಫ್ಲೂವಿಯಾಟಿಲಿಸ್ ಸೊಳ್ಳೆಗೆ ಬೇಕಾದುದು ನಿರ್ಮಲವಾದ, ಮೆಲ್ಲನೆ ಹರಿಯುವ, ದಡದಲ್ಲಿ ಹುಲ್ಲು ಬೆಳೆದ ಹಳ್ಳದ ನೀರು. ಕವಿಗಳು ಮೆಚ್ಚುವ ತೊರೆಯೇ ಆಕೆಯ ತವರುಮನೆ! ಆಕೆ ಕತ್ತಲಾದ ಮೇಲೆ ಮನುಷ್ಯನ ರಕ್ತವನ್ನು ಅರಸಿ ಮನೆಯೊಳಗೆ ಬರುತ್ತಾಳೆ; ಹೀರಿದ ಮೇಲೆ ಭಾರವಾದ ಮೈಯನ್ನು ಅದೇ ಮನೆಯ ಗೋಡೆಗೆ ಆನಿಸಿ ವಿಶ್ರಮಿಸುತ್ತಾಳೆ.

ಈ ವಿಶ್ರಾಂತಿಯ ಚಟವೇ ಆಕೆಗೆ ಮುಳುವಾಯಿತು. ಡಿ.ಡಿ.ಟಿ.ಯ ಕೀಟನಾಶಕ ಗುಣವನ್ನು ಸ್ವಿಟ್ಜರ್ಲೆಂಡಿನ ಪಾಲ್ ಮುಲ್ಲರ್ ಕಂಡುಹಿಡಿದುದು ೧೯೩೯ರಲ್ಲಿ. ಮಹಾಯುದ್ಧ ಮುಗಿಯುತ್ತಲೆ, ಮುಂಬಯಿ ಪ್ರಾಂತದ ಮಲೇರಿಯ ಶಾಖೆಯ ಡಾ. ಡಿ. ಕೆ. ವಿಶ್ವನಾಥನ್ ಮತ್ತು ಟಿ. ರಾಮಚಂದ್ರರಾವ್ ಅವರು ಅದನ್ನು ಹಳ್ಳಿಗಳ ಮನೆಗೋಡೆಗಳಿಗೆ ಸಿಂಪಡಿಸುವ ಕಾರ್ಯವನ್ನು ಕೈಗೊಂಡರು. ಅದಕ್ಕೆ ಅವರು ಆರಿಸಿಕೊಂಡುದು ಉತ್ತರ ಕನ್ನಡ ಮತ್ತು ಧಾರವಾಡ ಜಿಲ್ಲೆಗಳನ್ನು. ಭಾರತದ ಗ್ರಾಮಾಂತರದಲ್ಲಿ ಇಷ್ಟು ವಿಸ್ತಾರವಾಗಿ ನಡೆದ ಇಂಥ ಪ್ರಯತ್ನಗಳಲ್ಲಿ ಇದು ಮೊಟ್ಟಮೊದಲಿನದು. ಅದರ ಫಲವನ್ನು ಕಂಡೇ ದೇಶವು ೧೯೫೩ರಲ್ಲಿ ರಾಷ್ಟ್ರೀಯ ಮಲೇರಿಯ ನಿಯಂತ್ರಣ ಯೋಜನೆಗೆ ಧೈರ್ಯವಾಗಿ ಕೈಯಿಕ್ಕಿತು; ೧೯೫೮ರಲ್ಲಿ ‘ನಿಯಂತ್ರಣ’ವು ‘ನಿರ್ಮೂಲನ’ವಾಯಿತು.

೧೯೬೫ರ ಹೊತ್ತಿಗೆ ಇಡೀ ದೇಶದಲ್ಲಿ ವರ್ಷಕ್ಕೆ ಸುಮಾರು ಒಂದು ಲಕ್ಷ ರೋಗಿಗಳು ಮಾತ್ರ ಉಳಿದರು. ಗೆದ್ದೆವೆಂದು ಕೈಕಟ್ಟಿ ಕುಳಿತುದೇ ತಡ, ೧೯೭೬ರಲ್ಲಿ ಆ ಸಂಖ್ಯೆ ೬೪ ಲಕ್ಷವನ್ನು ಮೀರಿತು. ಸೊಳ್ಳೆ ವಿಷಕ್ಕೆ ಒಗ್ಗಿಹೋಗಿತ್ತು. ಮನುಷ್ಯನು ಎಚ್ಚರವನ್ನು ಮರೆತಿದ್ದನು. ದೂತಿಯನ್ನು ಮಾತ್ರ ಹೊಡೆದರೆ ಸಾಲದು, ಆಕೆಯ ಹೊಟ್ಟೆಯಲ್ಲಿ ಅಡಗಿ ಪಯಣಮಾಡುವ ಪರೋಪಜೀವಿಯ ಗುಟ್ಟನ್ನೂ ತಿಳಿಯಬೇಕೆಂಬ ಪಾಠವನ್ನು ಆ ವರ್ಷವು ಕಲಿಸಿತು.

ಚಲನೆಯೇ ಗುರುತು

ಆ ಪರೋಪಜೀವಿಯ ಗುಟ್ಟು ಹೊರಬಿದ್ದುದೇ ಅದರ ಚಲನೆಯಿಂದ. ೧೮೮೦ರ ನವೆಂಬರ್ ೬ರಂದು ಅಲ್ಜೀರಿಯದ ಕಾನ್‌ಸ್ಟಂಟೈನ್ ನಗರದಲ್ಲಿ ಫ್ರೆಂಚ್ ಸೈನ್ಯದ ವೈದ್ಯ ಲವೆರಾನ್ ಜ್ವರಪೀಡಿತನಾದ ಸಿಪಾಯಿಯೊಬ್ಬನ ರಕ್ತವನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡುತ್ತಿದ್ದನು. ಒಂದು ದುಂಡನೆಯ ಕಣದ ಅಂಚಿನಿಂದ ಚಾವಟಿಯಂಥ ಎಳೆಗಳು ಹೊರಟು ಬಡಿದಾಡತೊಡಗಿದುವು. ಸತ್ತ ವಸ್ತು ಹೀಗೆ ಕುಣಿಯಲಾರದು. ಇದು ಜೀವಿಯೇ ಎಂದು ಅವನು ನಿಶ್ಚಯಿಸಿದನು. ೧೮೯೭ರ ಆಗಸ್ಟ್ ೨೦ರಂದು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಅದೇ ಜೀವಿಯನ್ನು ಸೊಳ್ಳೆಯ ಜಠರದ ಗೋಡೆಯಲ್ಲಿ ಕಂಡನು. ಮರುವರ್ಷ ಕಲಕತ್ತೆಯಲ್ಲಿ ಹಕ್ಕಿಗಳ ಮಲೇರಿಯವನ್ನು ಪರೀಕ್ಷಿಸುತ್ತ, ಅದು ಸೊಳ್ಳೆಯ ಜೊಲ್ಲಿನ ಗ್ರಂಥಿಯನ್ನು ಸೇರಿ ಕಚ್ಚುವಿಕೆಯಿಂದ ಹರಡುವುದನ್ನು ಸಾಧಿಸಿದನು.

ಈ ಪಯಣ ಎಷ್ಟು ದೀರ್ಘವೆಂಬುದನ್ನು ನೋಡಿರಿ. ರೋಗಿಯ ರಕ್ತದೊಡನೆ ಸೊಳ್ಳೆಯ ಹೊಟ್ಟೆಯನ್ನು ಹೊಕ್ಕ ಪರೋಪಜೀವಿ ಅಲ್ಲಿ ಗಂಡುಹೆಣ್ಣುಗಳಾಗಿ ಕೂಡಿ, ಒಂದು ದಿನದೊಳಗೆ ಹುಳುವಿನಂಥ ಆಕಾರವನ್ನು ತಾಳುತ್ತದೆ. ಇದಕ್ಕೆ ಊಕೈನೇಟ್ ಎಂದು ಹೆಸರು. ಅದು ಜಠರದ ಗೋಡೆಯನ್ನು ತೂರಿ ಆಚೆಯ ಮಗ್ಗುಲಲ್ಲಿ ಗೂಡುಕಟ್ಟಬೇಕು. ಆ ಗೂಡು ಮಾಗಿ ಒಡೆದಾಗ ಕುಡುಗೋಲಿನಂತೆ ಬಾಗಿದ ಸಾವಿರಾರು ಮರಿಗಳು ಹೊರಬೀಳುತ್ತವೆ, ಇವೇ ಸ್ಪೋರೊಜೋಯಿಟ್‌ಗಳು. ಅವು ಜೊಲ್ಲಿನ ಗ್ರಂಥಿಯನ್ನು ಹೊಗಬೇಕು. ಸೊಳ್ಳೆ ಕಚ್ಚಿದಾಗ ಮನುಷ್ಯನ ಚರ್ಮಕ್ಕೆ ಇಳಿಯಬೇಕು. ಅಲ್ಲಿ ಹುಡುಕಾಡಿ ರಕ್ತನಾಳವನ್ನು ಸೇರಬೇಕು. ರಕ್ತದೊಡನೆ ಹರಿದು ಯಕೃತ್ತಿನ ಕಣವೊಂದನ್ನು ಭೇದಿಸಬೇಕು. ಯಕೃತ್ತಿನ ಈ ಗುಪ್ತವಾಸವನ್ನು ಶಾರ್ಟ್ ಮತ್ತು ಗಾರ್ನಮ್ ಎಂಬವರು ಪತ್ತೆಮಾಡಿದುದು ೧೯೪೮ರಲ್ಲಿ. ಅಲ್ಲಿ ಒಂದು ಸಾವಿರಾರಾಗಿ ರಕ್ತಕ್ಕೆ ನುಗ್ಗಿದ ಮೇಲೆಯೆ ರೋಗಿಗೆ ಮೊದಲನೆಯ ನಡುಕ ಬರುವುದು.

ಇಷ್ಟೆಲ್ಲ ತಿರುಗಾಡುವ ಈ ಪಯಣಿಗನಿಗೆ ಕಾಲುಗಳಿವೆಯೆ? ಇಲ್ಲ. ಈಜಲು ಬಾಲವಿದೆಯೆ? ಅದೂ ಇಲ್ಲ. ಮೈಯನ್ನು ಹಾವಿನಂತೆ ಹೊರಳಿಸುವುದೂ ಇಲ್ಲ. ಆದರೂ ಸ್ಪೋರೊಜೋಯಿಟ್ ನುಣ್ಣಗೆ ಜಾರುತ್ತ ಸೆಕೆಂಡಿಗೆ ಒಂದೆರಡು ಮೈಕ್ರಾನಿನಂತೆ ಮುಂದೆ ಹೋಗುತ್ತದೆ. ಮೈಕ್ರಾನೆಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಇದೇನು ಮಹಾವೇಗವೆಂದು ನಗಬೇಡಿರಿ. ದೇಹದ ಕಾವಲುಗಾರರಾದ ಬಿಳಿಯ ರಕ್ತಕಣಗಳ ನಡಗೆಗೆ ಹೋಲಿಸಿದರೆ ಇದು ಹತ್ತುಮಡಿ ಬಿರುಸು. ಕಾವಲಿನವನು ತಿರುಗಿ ನೋಡುವಷ್ಟರಲ್ಲಿ ಕಳ್ಳನು ಅಟ್ಟದ ಮೇಲಿರುತ್ತಾನೆ.

ಅಂಬಿಗನ ಗಳ

ಈ ಜಾರುನಡಗೆಯ ಯಂತ್ರವನ್ನು ತಿಳಿಯಬೇಕಾದರೆ ಯಲ್ಲಾಪುರದ ಬೇಡ್ತಿ ನದಿ ಘಟ್ಟವಿಳಿದು ಗಂಗಾವಳಿಯಾಗುವೆಡೆಗೆ ಮನಸ್ಸಿನಲ್ಲಿಯೆ ಹೋಗಬೇಕು. ಆಳವಿಲ್ಲದ ನೀರಿನಲ್ಲಿ ದೋಣಿ ನಡೆಸುವ ಅಂಬಿಗನು ಏನು ಮಾಡುತ್ತಾನೆ? ಬಿದಿರಿನ ಗಳವನ್ನು ಮುಂದಕ್ಕೆ ಚಾಚಿ ಹೊಳೆಯ ತಳಕ್ಕೆ ಊರುತ್ತಾನೆ. ಗಳವನ್ನು ಬಿಡದೆ ಹಿಂದಕ್ಕೆ ನೂಕುತ್ತಾನೆ. ಗಳ ಅಲ್ಲಿಯೇ ನಿಂತಿರುತ್ತದೆ. ದೋಣಿ ಮುಂದೆ ಹೋಗುತ್ತದೆ. ದೋಣಿಯ ಹಿಂತುದಿ ಬಂದಾಗ ಗಳವನ್ನು ಕಿತ್ತು ಮತ್ತೆ ಮುಂದೆ ಊರುತ್ತಾನೆ.

ಸ್ಪೋರೊಜೋಯಿಟಿನ ರೀತಿಯೂ ಇದೇ. ಅದರ ಹೊರಪೊರೆಯನ್ನು ಹಾಯ್ದು ನಿಂತಿರುವ ಒಂದು ಪ್ರೋಟೀನೇ ಗಳ. ಅದರ ಹೊರತುದಿ ಎದುರಿನ ಕಣದ ಮೈಯನ್ನು ಕಚ್ಚಿ ಹಿಡಿಯುತ್ತದೆ. ಒಳತುದಿ ಆಕ್ಟಿನ್ ಎಂಬ ನೂಲಿಗೆ ತೊಡಕಿಕೊಂಡಿರುತ್ತದೆ. ಮಯೋಸಿನ್ ಎಂಬ ಮತ್ತೊಂದು ಪ್ರೋಟೀನು ಆ ನೂಲನ್ನು ಹಿಂದಕ್ಕೆ ಎಳೆಯುತ್ತದೆ. ಮನುಷ್ಯನ ತೋಳಿನ ಮಾಂಸಖಂಡವನ್ನು ಸೆಳೆಯುವ ಜೋಡಿಯೂ ಆಕ್ಟಿನ್ ಮತ್ತು ಮಯೋಸಿನ್ನೇ ಎಂಬುದು ಸೋಜಿಗ. ಗಳ ಹಿಂದಕ್ಕೆ ಸರಿಯುತ್ತದೆ, ಜೀವಿ ಮುಂದಕ್ಕೆ ಜಾರುತ್ತದೆ. ಹಿಂತುದಿ ತಲಪಿದಾಗ ಒಂದು ಕಿಣ್ವವು ಹಿಡಿತವನ್ನು ಕತ್ತರಿಸಿ ಬಿಡಿಸುತ್ತದೆ.

ಈ ಗಳದ ಪ್ರೋಟೀನು ವಿಜ್ಞಾನಿಗಳಿಗೆ ದೊರೆತುದು ೧೯೮೮ರಲ್ಲಿ. ಆಗ ಅದರ ಕೆಲಸ ಯಾರಿಗೂ ಗೊತ್ತಿರಲಿಲ್ಲ. ಆದುದರಿಂದ ಅದರ ಹೆಸರಿನಲ್ಲಿಯೇ ‘ಅನಾಮಧೇಯ’ವೆಂಬ ವಿಶೇಷಣವನ್ನು ಸೇರಿಸಿ, ಸಂಕ್ಷೇಪವಾಗಿ ‘ಟ್ರ್ಯಾಪ್’ ಎಂದು ಕರೆದರು. ಅನಾಮಧೇಯನ ಕಸುಬನ್ನು ತಿಳಿಯುವುದು ಹೇಗೆ? ಒಂದು ದೊಡ್ಡ ಕುಟುಂಬದಲ್ಲಿ ಯಾರು ಯಾವ ಕೆಲಸವನ್ನು ಹೊತ್ತಿದ್ದಾರೆಂಬುದು ಎಲ್ಲರೂ ಇರುವಾಗ ತಿಳಿಯದು. ಒಬ್ಬರು ನಾಲ್ಕು ದಿನ ಊರಿಗೆ ಹೋದಾಗ ಯಾವ ಕೆಲಸ ನಿಲ್ಲುತ್ತದೆಯೋ ನೋಡಿದರೆ ತಿಳಿಯುತ್ತದೆ. ಜೀವಶಾಸ್ತ್ರಜ್ಞರೂ ಇದೇ ಉಪಾಯವನ್ನು ಹಿಡಿದರು.

ಪ್ರತಿಯೊಂದು ಪ್ರೋಟೀನನ್ನು ಕಟ್ಟುವ ಬರಹ ಜೀವಿಯ ವಂಶವಾಹಿಯಲ್ಲಿ, ಎಂದರೆ ಜೀನಿನಲ್ಲಿ, ಇರುತ್ತದೆ. ಮನುಷ್ಯನ ಘೋರ ಮಲೇರಿಯಕ್ಕೆ ಕಾರಣವಾದ ಪರೋಪಜೀವಿಯಲ್ಲಿ ಇಂಥ ಸುಮಾರು ೫,೩೦೦ ಜೀನುಗಳಿರುವುದು ೨೦೦೨ರಲ್ಲಿ ಸ್ಪಷ್ಟವಾಯಿತು. ಅವುಗಳಲ್ಲೊಂದನ್ನು ಮುರಿಯಲು, ಅದೇ ಬರಹದ ಆರಂಭ ಮತ್ತು ಕೊನೆಗಳನ್ನು ಹೊಂದಿ ನಡುವೆ ಬೇರೊಂದು ಜೀನನ್ನು ಅಡಗಿಸಿಕೊಂಡ ತುಣುಕನ್ನು ಸಿದ್ಧಪಡಿಸುತ್ತಾರೆ. ಪರೋಪಜೀವಿ ಮೋಸಹೋಗಿ ತನ್ನ ಹಾಳೆಯನ್ನು ಕಿತ್ತು ಈ ಹಾಳೆಯನ್ನು ಅಂಟಿಸಿಕೊಳ್ಳುತ್ತದೆ. ನಡುವೆ ಅಡಗಿಸಿದ ಜೀನು ಒಂದು ಔಷಧಿಯನ್ನು ತಡೆಯುವ ಶಕ್ತಿಯನ್ನು ಕೊಡುತ್ತದೆ. ಔಷಧಿಯನ್ನು ಕೊಟ್ಟಾಗ ಉಳಿದುವೆಲ್ಲ ಸತ್ತು, ಹಾಳೆ ಬದಲಿಸಿಕೊಂಡುವು ಮಾತ್ರ ಬದುಕುತ್ತವೆ. ಈ ಪರೀಕ್ಷೆಗಳಿಗೆ ಆಯ್ದುಕೊಂಡುದು ಮನುಷ್ಯನ ಮಲೇರಿಯವನ್ನಲ್ಲ; ೧೯೪೮ರಲ್ಲಿ ಆಫ್ರಿಕದ ಕಟಂಗದಲ್ಲಿ ಕಾಡಿಲಿಗಳ ಶೋಧನೆಯಿಂದ ದೊರೆತ ಪ್ಲಾಸ್ಮೋಡಿಯಂ ಬರ್ಗೈ ಎಂಬ ಜಾತಿಯನ್ನು. ಅದು ಇಲಿಗಳಿಗಲ್ಲದೆ ಮನುಷ್ಯರಿಗೆ ತಗುಲದು.

೧೯೯೭ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾನಿಲಯದಲ್ಲಿ ಅಲಿ ಸುಲ್ತಾನ್, ರೊಬರ್ಟ್ ಮೆನಾರ್ ಮತ್ತವರ ಸಂಗಡಿಗರು ‘ಟ್ರ್ಯಾಪ್’ ಜೀನನ್ನು ಮುರಿದರು. ಇಲಿಯ ರಕ್ತದಲ್ಲಿ ಆ ಪರೋಪಜೀವಿಗೆ ಯಾವ ಕೊರತೆಯೂ ಕಾಣಲಿಲ್ಲ. ಸೊಳ್ಳೆಯ ಜಠರದಲ್ಲಿ ಗೂಡುಗಳೂ ಎಂದಿನಂತೆ ಕಟ್ಟಿದುವು; ಕುಡುಗೋಲಿನ ಆಕಾರದ ಮರಿಗಳೂ ಎಂದಿನಂತೆ ಹುಟ್ಟಿದುವು. ಆದರೆ ಅವು ಜಾರಲಿಲ್ಲ. ಜೊಲ್ಲಿನ ಗ್ರಂಥಿಯನ್ನು ಹೊಗಲಿಲ್ಲ. ಅವನ್ನು ಸೂಜಿಯಿಂದ ಪ್ರಾಣಿಗಳ ರಕ್ತಕ್ಕೆ ಬಿಟ್ಟರೂ ಯಕೃತ್ತಿನಲ್ಲಿ ರೋಗವನ್ನು ನೆಲೆಗೊಳಿಸಲಾರದೆ ಹೋದುವು. ಮುಂದೆ ಸೂಕ್ಷ್ಮವಾಗಿ ನೋಡಿದವರಿಗೆ, ಅವುಗಳಲ್ಲಿ ಕೆಲವು ಒಂದೇ ಬಿಂದುವಿಗೆ ಅಂಟಿಕೊಂಡು ಹಿಂದಕ್ಕೂ ಮುಂದಕ್ಕೂ ತೂಗುತ್ತಿದ್ದುದು ಕಂಡಿತು. ಗಳ ಕಳೆದುಕೊಂಡ ಅಂಬಿಗನ ದೋಣಿ ಗೂಟಕ್ಕೆ ಕಟ್ಟಿದಂತೆ ಅಲ್ಲಿಯೇ ಹೊಯ್ದಾಡುವುದಲ್ಲವೆ? ಅನಾಮಧೇಯನ ಕಸುಬು ಹೀಗೆ ಬಯಲಾಯಿತು.

ಊಕೈನೇಟಿಗೂ ಅದರದೇ ಆದ ಗಳವಿದೆ. ‘ಸಿ.ಟಿ.ಆರ್.ಪಿ.’ ಎಂಬ ಅದರ ಜೀನನ್ನು ೧೯೯೯ರಲ್ಲಿ ಇಂಗ್ಲೆಂಡಿನಲ್ಲಿಯೂ ಜಪಾನಿನಲ್ಲಿಯೂ ಪ್ರತ್ಯೇಕವಾಗಿ ಮುರಿದು ನೋಡಿದರು. ಊಕೈನೇಟು ಹುಟ್ಟಿತು, ಆದರೆ ಜಠರದ ಗೋಡೆಯನ್ನು ದಾಟಲಾರದೆ ಅಲ್ಲಿಯೇ ಅಳಿಯಿತು. ಚಲನೆ ನಿಂತರೆ ಸೋಂಕೂ ನಿಲ್ಲುವುದೆಂಬುದು ಇದರಿಂದ ಎರಡು ಬಾರಿ ಸಿದ್ಧವಾದಂತಾಯಿತು.

ಬೆಂಗಳೂರಿನಲ್ಲಿ ಕಂಡ ಒಂದು ಸತ್ಯ

ನಡಗೆಯೊಂದೇ ಅಲ್ಲ, ದಾರಿಯ ಬುತ್ತಿಯೂ ಪಯಣಿಗನಿಗೆ ಬೇಕು. ೨೦೧೩ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಪದ್ಮನಾಭನ್, ವಿ. ಎ. ನಾಗರಾಜ್ ಮತ್ತವರ ಸಹೋದ್ಯೋಗಿಗಳು ಇದನ್ನು ತೋರಿಸಿಕೊಟ್ಟರು. ರಕ್ತದ ಕೆಂಪಿಗೆ ಕಾರಣವಾದ, ಕಬ್ಬಿಣವನ್ನೊಳಗೊಂಡ ಹೀಮ್ ಎಂಬ ವಸ್ತುವನ್ನು ಪರೋಪಜೀವಿ ತಾನೂ ತಯಾರಿಸುತ್ತದೆ. ಆ ತಯಾರಿಕೆಯ ಜೀನುಗಳನ್ನು ಅವರು ಮುರಿದರು. ರಕ್ತದಲ್ಲಿರುವಷ್ಟು ಕಾಲ ಪರೋಪಜೀವಿಗೆ ಚಿಂತೆಯಿಲ್ಲ. ಒಡೆಯನ ಕಣಜದಲ್ಲಿಯೆ ಹೀಮ್ ಯಥೇಚ್ಛವಾಗಿದೆ. ಆದರೆ ಸೊಳ್ಳೆಯ ಮೈಯಲ್ಲಿಯೂ ಪ್ರಾಣಿಯ ಯಕೃತ್ತಿನಲ್ಲಿಯೂ ಅದು ಬೆಳವಣಿಗೆಯನ್ನು ಮುಗಿಸಲಾರದೆ ಹೋಯಿತು. ನೆಂಟರ ಮನೆಯಲ್ಲಿ ಉಂಡು ಬದುಕುವವನಿಗೆ ತನ್ನ ಒಲೆ ಆರಿದುದು ಪ್ರಯಾಣ ಹೊರಟಾಗಲೇ ತಿಳಿಯುವುದು.

ಹಾಗಾದರೆ ಜೀನು ಮುರಿದ ಪರೋಪಜೀವಿಗಳನ್ನು ಯಲ್ಲಾಪುರದ ಕಾಡಿನಲ್ಲಿ ಬಿಟ್ಟುಬಿಟ್ಟರೆ ಮಲೇರಿಯ ತೊಲಗಲಾರದೆ ಎಂದು ಯಾರಾದರೂ ಕೇಳಬಹುದು. ತೊಲಗಲಾರದು. ನಡೆಯಲಾರದುದು ಹರಡಲಾರದು, ಅದು ಮೊದಲನೆಯ ಸೊಳ್ಳೆಯಲ್ಲಿಯೆ ಅಳಿಯುತ್ತದೆ, ನಡೆಯಬಲ್ಲುದು ಎಂದಿನಂತೆ ನಡೆಯುತ್ತದೆ. ಜ್ವರ ಬಂದು ಮಲಗಿದವನಿಗೂ ಇದರಿಂದ ನೇರವಾಗಿ ಉಪಶಮನವಿಲ್ಲ. ಅವನ ರಕ್ತದಲ್ಲಿ ಸೇರಿದ ಪರೋಪಜೀವಿಗೆ ಆ ಗಳದ ಹಂಗಿಲ್ಲವೆಂಬುದನ್ನು ನ್ಯೂಯಾರ್ಕಿನ ಪರೀಕ್ಷೆಯೇ ಹೇಳಿತು. ಪ್ರಯೋಜನವಿರುವುದು ಬೇರೆಡೆ: ಯಾವ ಕೀಲನ್ನು ಹಿಡಿದರೆ ಯಾವ ಬಾಗಿಲು ಮುಚ್ಚುವುದೆಂಬ ತಿಳಿವಳಿಕೆಯಲ್ಲಿ.

ಆ ತಿಳಿವಳಿಕೆ ಈಗಾಗಲೇ ಒಂದು ಫಲವನ್ನು ತೋರಿಸಿದೆ. ಕ್ಷಕಿರಣದಿಂದ ದುರ್ಬಲಗೊಳಿಸಿದ ಸ್ಪೋರೊಜೋಯಿಟ್‌ಗಳು ಇಲಿಗಳನ್ನು ರೋಗದಿಂದ ಕಾಪಾಡುವುವೆಂದು ರೂತ್ ನುಸೆನ್‌ಜ್ವೀಗ್ ೧೯೬೭ರಲ್ಲಿಯೆ ತೋರಿಸಿದ್ದರು. ಕಿರಣಕ್ಕೆ ಬದಲಾಗಿ ಜೀನನ್ನೇ ತೆಗೆದರೆ? ಇಲ್ಲಿ ಗಳವನ್ನು ಮುರಿಯುವಂತಿಲ್ಲ. ಪಯಣಿಗನು ಯಕೃತ್ತನ್ನು ಮುಟ್ಟಬೇಕು, ಅಲ್ಲಿ ದೇಹದ ಕಾವಲುಗಾರರಿಗೆ ತನ್ನ ಮುಖವನ್ನು ತೋರಿಸಬೇಕು. ಆದರೆ ಅಲ್ಲಿಂದ ಮುಂದಕ್ಕೆ ಹೆಜ್ಜೆಯಿಡಬಾರದು. ಹಾಲೆಂಡಿನ ಲೈಡನ್ ನಗರದ ವಿಜ್ಞಾನಿಗಳು ಹಾಗೆಯೆ ‘ಮೈ೨’ ಎಂಬ ಜೀನನ್ನು ತೆಗೆದು, ಅಂಥ ಪರೋಪಜೀವಿಯನ್ನು ಹೊತ್ತ ಸೊಳ್ಳೆಗಳಿಂದ ಸ್ವಯಂಸೇವಕರನ್ನು ಕಚ್ಚಿಸಿದರು. ಆಮೇಲೆ ನಿಜವಾದ ಮಲೇರಿಯದ ಸೊಳ್ಳೆಗಳು ಕಚ್ಚಿದಾಗ ೯ ಮಂದಿಯಲ್ಲಿ ೮ ಮಂದಿಗೆ ರೋಗ ತಗುಲಲಿಲ್ಲ. ಈ ವರದಿ ಪ್ರಕಟವಾದುದು ೨೦೨೪ರಲ್ಲಿ. ಒಂಬತ್ತು ಮಂದಿ ಒಂದು ಪಂಕ್ತಿಗೂ ಸಾಲದ ಸಂಖ್ಯೆ; ಆದರೂ ದಿಕ್ಕನ್ನು ತೋರಿಸಲು ಒಂದು ದೀಪವೇ ಸಾಕು.

ಇದರ ನಡುವೆ ಸ್ಪೋರೊಜೋಯಿಟಿನ ಹೊರಕವಚದ ಪ್ರೋಟೀನಿನಿಂದ ಮಾಡಿದ ಎರಡು ಲಸಿಕೆಗಳಿಗೆ ವಿಶ್ವ ಆರೋಗ್ಯ ಸಂಸ್ಥೆ ೨೦೨೧ ಮತ್ತು ೨೦೨೩ರಲ್ಲಿ ಸಮ್ಮತಿಯಿತ್ತಿದೆ. ಎರಡನೆಯದು ತಯಾರಾಗುತ್ತಿರುವುದು ಪುಣೆಯಲ್ಲಿ. ಅವುಗಳ ಮುಖ್ಯ ಗುರಿ ಆಫ್ರಿಕದ ಮಕ್ಕಳ ರಕ್ಷಣೆ. ೨೦೨೩ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು ೨೬ ಕೋಟಿ ೩೦ ಲಕ್ಷ ಮಂದಿಗೆ ಮಲೇರಿಯ ತಗುಲಿತು, ೫ ಲಕ್ಷ ೯೭ ಸಾವಿರ ಮಂದಿ ಮಡಿದರು. ಅವರಲ್ಲಿ ಬಹುಪಾಲು ಐದು ವರ್ಷ ತುಂಬದ ಎಳೆಯರು. ಒಂದು ಕಾಲದಲ್ಲಿ ಘಟ್ಟದ ಮೇಲಿನ ತಾಯಂದಿರು ಸುರಿಸಿದ ಕಣ್ಣೀರನ್ನೇ ಇಂದು ಬೇರೊಂದು ಖಂಡದ ತಾಯಂದಿರು ಸುರಿಸುತ್ತಿದ್ದಾರೆ.

ಆದುದರಿಂದ ಕಿರವತ್ತಿಯ ನಿಶ್ಚಿಂತೆ ತಾನಾಗಿ ಬಂದುದಲ್ಲ. ಕಾಪಾಡಿಕೊಳ್ಳದಿದ್ದರೆ ಉಳಿಯುವುದೂ ಅಲ್ಲ. ಆ ಹಳ್ಳಗಳು ಇಂದಿಗೂ ತಿಳಿಯಾಗಿ ಹರಿಯುತ್ತಿವೆ. ಹೆದ್ದಾರಿಯಲ್ಲಿ ನಾನಾ ಸೀಮೆಗಳ ಲಾರಿಗಳೂ ಕೂಲಿಕಾರರೂ ಹಗಲಿರುಳು ಹಾದುಹೋಗುತ್ತಾರೆ. ಒಬ್ಬನ ರಕ್ತದಲ್ಲಿ ಅಡಗಿದ ಪಯಣಿಗನು ಇಳಿಯಲು ಒಂದು ಸೊಳ್ಳೆ ಸಾಕು. ವೈವಾಕ್ಸ್ ಜಾತಿಯ ಪರೋಪಜೀವಿಯಂತೂ ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಮಲಗಿದ್ದು ಮತ್ತೆ ಏಳುವುದುಂಟು. ಅದಕ್ಕಾಗಿಯೇ ವೈದ್ಯರು ಹದಿನಾಲ್ಕು ದಿನಗಳ ಮಾತ್ರೆಯನ್ನು ಬರೆದುಕೊಡುವುದು. ಮೂರನೆಯ ದಿನ ಜ್ವರ ಬಿಟ್ಟಿತೆಂದು ಉಳಿದ ಮಾತ್ರೆಗಳನ್ನು ಕಪಾಟಿನಲ್ಲಿಡುವವನು, ನಿದ್ರಿಸುತ್ತಿರುವ ಕಳ್ಳನಿಗೆ ತಾನೇ ಹೊದಿಕೆ ಹೊದಿಸಿದಂತೆ.

ನಡುಕದ ಜ್ವರ ಬಂದರೆ ರಕ್ತಪರೀಕ್ಷೆ, ಕತ್ತಲಾದರೆ ಸೊಳ್ಳೆಪರದೆ, ಬರೆದುಕೊಟ್ಟ ಮದ್ದು ಮುಗಿಯುವವರೆಗೆ ಮದ್ದು. ಪ್ರಯೋಗಶಾಲೆಯಲ್ಲಿ ವಿಜ್ಞಾನಿ ಒಂದು ಜೀನನ್ನು ಮುರಿದು ಸಾಧಿಸುವುದನ್ನೇ ಗೃಹಿಣಿಯು ಮನೆಯಲ್ಲಿ ಒಂದು ಪರದೆಯನ್ನು ಕಟ್ಟಿ ಸಾಧಿಸುತ್ತಾಳೆ. ಇಬ್ಬರೂ ಮಾಡುವುದು ಒಂದೇ ಕೆಲಸ: ಕಾಲಿಲ್ಲದ ಆ ಪಯಣಿಗನ ದಾರಿಯನ್ನು ಕಡಿಯುವುದು.